ಟಿವಿ, ಮೊಬೈಲ್ ಇರುವಾಗ ಜಾತ್ರೆಯ ನಾಟಕ ಯಾರು ನೋಡ್ತಾರ್ರೀ?

ಸಂಕ್ರಾಂತಿ ದಾಟಿ ಊರೂರ ಜಾತ್ರೆಯ ತಾರೀಖು ಗೊತ್ತಾದಂತೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಎರಡು ಥರದವರು. ನಾಟಕದ ಕಡೆ ತಲೆಹಾಕದವರು ಕುಹಕಕ್ಕೆ ಕೇಳುತ್ತಾರೆ. ನಾಟಕ ಆಡಿಸಲು ಪಟ್ಟಿ (ಚಂದಾ) ಎತ್ತುತ್ತಿರುವ ಯುವಕ ಮಂಡಳದ ಹುಡುಗರು ಹೆದರಿಕೊಂಡು ಕೇಳುತ್ತಾರೆ.

ಮೊದಲಿನವರಿಗೆ ಉತ್ತರ ಸಣ್ಣದು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ಹೋಗಿ ಬನ್ನಿ. ಅಲ್ಲಿ ಜಾತ್ರೆಗೆಂದು ಕ್ಯಾಂಪ್ ಹಾಕುವ ನಾಟಕ ಕಂಪನಿಗಳ ಟೆಂಟಿಗೆ ಜನ ರೊಕ್ಕ ಕೊಟ್ಟು ಟಿಕೆಟ್ ತಗೊಂಡು ಹೋಗುತ್ತಾರೆ. ಗದಗ, ರೋಣದ ಕಡೆಯಿಂದ ಬಂದವರೂ ಆ ಸಾಲಿನಲ್ಲಿ ಇರುತ್ತಾರೆ. ಅವರ ಕಿಸೆಯಲ್ಲಿ ಮೊಬೈಲ್ ಇಲ್ಲ ಅಂತೀರಾ?

ಎರಡನೆಯವರ ಹೆದರಿಕೆಗೆ ಕಾರಣ ಇದೆ. ಪುಕ್ಕಟೆ ನಾಟಕದಲ್ಲೂ ಮೊದಲ ಅಂಕ ಮುಗಿಯುವುದರೊಳಗೆ ಅರ್ಧ ಮಂದಿ ಎದ್ದು ಹೋಗುವುದುಂಟು. ಅದಕ್ಕೆ ಟಿವಿಯನ್ನು ದೂರುತ್ತಾರೆ. ಎದ್ದು ಹೋದವರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಮಂದಿ "ಏನ್ ಮಾತಾಡ್ತಾರೋ ಒಂದೂ ಕೇಳಂಗಿಲ್ಲ ಬಿಡ್ರಿ" ಅಂತಾರೆ. ಮನೆಯ ಟಿವಿಯಲ್ಲಿ ಅತ್ತೆ ಪಿಸುಗುಟ್ಟಿದ್ದೂ ಸ್ಪಷ್ಟವಾಗಿ ಕೇಳುತ್ತದೆ. ಆ ಕಿವಿ ಇಟ್ಟುಕೊಂಡು ಬಂದವರು ಗೊಗ್ಗರು ದನಿಯನ್ನು ಎಷ್ಟು ಹೊತ್ತು ಸಹಿಸಿಯಾರು?

ನಮ್ಮ ಭಾಗದ ನಾಟಕ ಮೊದಲಿನಿಂದಲೂ ಕಿವಿಯ ನಾಟಕ. ಗದಗಿನ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳ ಹೆಸರಿನ ನಾಟಕ ಕಂಪನಿಯಲ್ಲಿ ಅಂಧ ಕಲಾವಿದರೂ ಪಾತ್ರ ಮಾಡಿದರು. ಹಾಡು, ಮಾತಿನ ಮೇಲೆಯೇ ಅದು ನಿಂತಿತ್ತು. ಗರುಡ ಸದಾಶಿವರಾಯರಂಥ ಹಳೆಯ ಕಂಪನಿ ನಟರ ಕಾಲದಲ್ಲಿ ಕೊನೆಯ ಸಾಲಿನವನಿಗೂ ಮಾತು ಮುಟ್ಟಿಸುವುದು ನಟನ ಹೊಟ್ಟೆಯ ಕಸುವಿನ ಕೆಲಸ. ಈಗ ಆ ಕೆಲಸವನ್ನು ಮೈಕಿಗೆ ಕೊಟ್ಟಿದ್ದೇವೆ. ಆದರೆ ಪಟ್ಟಿಯ ರೊಕ್ಕವೆಲ್ಲ ಸೀನರಿಗೆ, ಬಣ್ಣದ ದೀಪಕ್ಕೆ ಹೋಗಿ, ಮೈಕಿನವನ ಹತ್ತಿರ ಚೌಕಾಸಿ ಮಾಡುತ್ತೇವೆ. ಇದನ್ನು ತಿರುವುಮುರುವು ಮಾಡಿ.

30 ಅಡಿ ಅಗಲದ ಸ್ಟೇಜಿಗೆ ಮೇಲಿಂದ ಇಳಿಬಿಡುವ ಮೈಕು ಮೂರು ಸಾಕು. ಸ್ಟೇಜಿನ ಮುಂದಿನ ಅಂಚಿನಿಂದ 3–4 ಅಡಿ ಒಳಗೆ, ಒಂದಕ್ಕೊಂದು 8–9 ಅಡಿ ಅಂತರದಲ್ಲಿ, ನೆತ್ತಿಯಿಂದ ಒಂದೂವರೆ ಅಡಿ ಮೇಲಿರಲಿ. ನಟ ಮೈಕಿನಿಂದ 2 ಅಡಿ ದೂರದಲ್ಲಿದ್ದವನು 4 ಅಡಿಗೆ ಸರಿದರೆ ಅವನ ದನಿ 6 ಡೆಸಿಬೆಲ್ ಇಳಿಯುತ್ತದೆ. ಆಗ ಆಪರೇಟರ್ ವಾಲ್ಯೂಮ್ ಏರಿಸುತ್ತಾನೆ, ಮೈಕು ಕುಂಯ್ ಅನ್ನುತ್ತದೆ. ಕೂಗು ಕೇಳಿ ಗಾಬರಿಯಾಗಿ ಮತ್ತೆರಡು ಮೈಕು ಹಾಕಿಸುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಕೂಗಿಲ್ಲದೆ ಏರಿಸಬಹುದಾದ ದನಿ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಹಾಗಾಗಿ ಆಪರೇಟರ್ ಕೈಯಲ್ಲಿ ನಾಟಕದ ಪ್ರತಿ ಇರಬೇಕು, ಯಾರೂ ನಿಲ್ಲದ ಕಡೆಯ ಮೈಕನ್ನು ಇಳಿಸುತ್ತಿರಬೇಕು. ತಾಲೀಮಿಗೆ ಕೊನೆಯ ಎರಡು ದಿನವಾದರೂ ಅವನನ್ನು ಕರೆಯಿರಿ. ಮೈಕಿನ ಜಾಗಕ್ಕೆ ನೆಲದ ಮೇಲೆ ಸುಣ್ಣದ ಗುರುತು ಹಾಕಿ, ಮುಖ್ಯ ಮಾತು ಆ ಗುರುತಿನ ಮೇಲೆಯೇ ಬರುವಂತೆ ಹುಡುಗರನ್ನು ಓಡಾಡಿಸಿ.

ಸ್ಪೀಕರ್ ಯಾವತ್ತೂ ಮೈಕಿನ ಸಾಲಿಗಿಂತ ಮುಂದೆ, ಮಂದಿಯ ಕಡೆ ಮುಖ ಮಾಡಿ ಇರಬೇಕು. ಗುಡಿಯ ಮೇಲೂ ಎರಡು ಹಾರ್ನ್ ಕಟ್ಟಿಬಿಡೋಣ, ಊರಿಗೆಲ್ಲ ಕೇಳಲಿ ಅನ್ನುವ ಹುಕಿ ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗುಡಿ 70 ಮೀಟರ್ ದೂರವಿದ್ದರೆ ಅಲ್ಲಿಯ ದನಿ ಸ್ಟೇಜಿನ ಮುಂದೆ ಕೂತವನಿಗೆ 0.2 ಸೆಕೆಂಡ್ ತಡವಾಗಿ ಮುಟ್ಟುತ್ತದೆ. ಒಂದು ಅಕ್ಷರ ಉಚ್ಚರಿಸುವಷ್ಟು ಹೊತ್ತು ಅದು. ಮುಂದಿನ ಅಕ್ಷರದ ಮೇಲೆ ಹಿಂದಿನದು ಬಂದು ಕೂತು ಮಾತೆಲ್ಲ ಕಲಸುಮೇಲೋಗರ.

ಪ್ರಾಂಪ್ಟರ್ ವಿಷಯ ಬೇರೆಯೇ ಹೇಳಬೇಕು. ಬಾಯಿಪಾಠ ಆಗದವರಿಗಾಗಿ ಪಕ್ಕದ ಪರದೆಯ ಮರೆಯಲ್ಲಿ ನಿಂತು ಪುಸ್ತಕ ಓದುವವನ ದನಿಯೂ ಮೈಕಿಗೆ ಸಿಗುತ್ತದೆ. ಆಗ ಮಂದಿಗೆ ಒಂದೇ ಮಾತು ಎರಡು ಸಲ ಕೇಳುತ್ತದೆ, ಮೊದಲು ಪ್ರಾಂಪ್ಟರ್ ಬಾಯಲ್ಲಿ, ಆಮೇಲೆ ನಾಯಕನ ಬಾಯಲ್ಲಿ. ದುಃಖದ ಸೀನಿನಲ್ಲಿ ಇದಾದರೆ ಹಾಸ್ಯ ಪಾತ್ರಧಾರಿಗೆ ಕೆಲಸವೇ ಉಳಿಯುವುದಿಲ್ಲ. ಪಕ್ಕದ ಪರದೆಗೂ ಹತ್ತಿರದ ಮೈಕಿಗೂ 5–6 ಅಡಿ ಬಿಡಿ. ಪ್ರಾಂಪ್ಟರ್ ಮಾತಿನ ಮೊದಲ ಎರಡು ಶಬ್ದ ಮಾತ್ರ ಎತ್ತಿಕೊಡಲಿ.

ಟಿವಿ ನೋಡಿ ಬೆಳೆದ ಹುಡುಗರ ಅಭಿನಯದಲ್ಲೂ ಒಂದು ತೊಡಕಿದೆ. ಧಾರಾವಾಹಿಯಲ್ಲಿ ಕ್ಯಾಮೆರಾ ಮುಖದ ಹತ್ತಿರ ಬರುತ್ತದೆ, ಹುಬ್ಬು ಏರಿಸಿದರೆ ಸಾಕು. 60 ಅಡಿ ಹಿಂದೆ ಕೂತ ಅಜ್ಜನಿಗೆ ಹುಬ್ಬು ಎಲ್ಲಿ ಕಾಣಬೇಕು? ತೋಳು ಭುಜದಿಂದ ಏಳಬೇಕು, ತಿರುಗುವಾಗ ಇಡೀ ಮೈ ತಿರುಗಬೇಕು, ಸಾಲಿನ ಕೊನೆಯ ಶಬ್ದ ನುಂಗಬಾರದು. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದನ್ನೇ ನುಂಗಿದರೆ ಕೊಂದನೋ ಬಿಟ್ಟನೋ ತಿಳಿಯುವುದಿಲ್ಲ. ದೀಪದ ಬಗ್ಗೆ ಇಷ್ಟೇ: ಬಣ್ಣ ಬದಲಿಸುವ ಎಲ್‌ಇಡಿ ಹಾಡಿಗೆ ಇರಲಿ, ಮಾತಿನ ಸೀನಿಗೆ ಎಡಬಲದ ಬೊಂಬಿನ ಮೇಲಿಂದ ಮುಖಕ್ಕೆ ಬಿಳಿ ಬೆಳಕು ಬೇಕು. ತಾಯಿ ಅಳುವಾಗ ಮುಖ ಹಸಿರಾಗಿದ್ದರೆ ಯಾರಿಗೂ ಅಳು ಬರುವುದಿಲ್ಲ.

ಮಂದಿ ಏಳುವ ಇನ್ನೊಂದು ಗಳಿಗೆ, ಸೀನು ಬದಲಿಸುವಾಗಿನ ಕತ್ತಲು. ಹಳೆಯ ಕಂಪನಿಗಳು ಇದಕ್ಕೆ ಒಳ್ಳೆಯ ಉಪಾಯ ಮಾಡಿದ್ದವು. ಸ್ಟೇಜಿನ ಮುಂಭಾಗದಿಂದ 6–8 ಅಡಿ ಹಿಂದೆ ಬೀದಿಯ ಚಿತ್ರವಿರುವ ಪರದೆ ಇಳಿಸಿ, ಅದರ ಮುಂದೆ ಹಾಸ್ಯದ ಜೋಡಿಯನ್ನು ಬಿಡುವುದು. ಅವರು ನಗಿಸುವಷ್ಟರಲ್ಲಿ ಹಿಂದೆ ಮನೆ ಹೋಗಿ ದರ್ಬಾರು ಬಂದಿರುತ್ತದೆ. ನಾಟಕ ಉದ್ದವಾಯಿತೆಂದು ಇಂಥ ಹಾಸ್ಯದ ಸೀನನ್ನೇ ಮೊದಲು ಕತ್ತರಿಸುವವರು ಇದನ್ನು ನೆನಪಿಡಲಿ. ಕತ್ತರಿಸಿದಷ್ಟೇ ಹೊತ್ತು ಕತ್ತಲಲ್ಲಿ ಸುತ್ತಿಗೆಯ ಸದ್ದು ಕೇಳಿಸಬೇಕಾಗುತ್ತದೆ. ಕತ್ತರಿಸಬೇಕಾದ್ದು ಸನ್ಮಾನ, ಭಾಷಣ. ಆಯೇರಿ (ಮಂದಿ ಕೊಟ್ಟ ಉಡುಗೊರೆ) ಓದಲು ನಡುನಡುವೆ ನಾಟಕ ನಿಲ್ಲಿಸಬೇಡಿ, ಚೀಟಿ ಇಸಕೊಂಡು ಮಧ್ಯಂತರದಲ್ಲಿ ಒಟ್ಟಿಗೆ ಓದಿ. ಕೊಟ್ಟವರು ಸಿಟ್ಟಾಗುವುದಿಲ್ಲ, ಹೆಸರು ತಪ್ಪಾಗಿ ಓದಿದರಷ್ಟೇ ಸಿಟ್ಟಾಗುತ್ತಾರೆ.

ಇನ್ನು ವೇಳೆ. ಬೆಳತನಕ ಆಡುವ ಕಾಲ ಹೋಯಿತು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಜಾತ್ರೆಗೆಂದು ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರತನಕ ಸಡಿಲಿಕೆ ಕೊಡಬಹುದು. ನಿಮ್ಮ ತಾರೀಖು ಅದರಲ್ಲಿ ಬರುತ್ತದೋ ಇಲ್ಲವೋ ಠಾಣೆಯಲ್ಲಿ ವಿಚಾರಿಸಿ, ಪರವಾನಗಿ ಕಾಗದದಲ್ಲೇ ತಗೊಳ್ಳಿ. ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಭವನ, ಧಾರವಾಡದ ಸೃಜನಾದಂಥ ಮುಚ್ಚಿದ ರಂಗಮಂದಿರಗಳಿಗೆ ಈ ತಾಪತ್ರಯವಿಲ್ಲ. ಹಳ್ಳಿಯಲ್ಲಿ ಹಾಲು ಹಿಂಡಿ, ಊಟ ಮುಗಿಸಿ ಮಂದಿ ಬರುವುದೇ ಎಂಟೂವರೆಗೆ. ಅಂದರೆ ಸಡಿಲಿಕೆ ಸಿಕ್ಕರೂ ನಿಮ್ಮ ಕೈಯಲ್ಲಿರುವುದು ಮೂರೂವರೆ ತಾಸು. ಹಾಡು, ನಗು, ಪರದೆ ಬಿಟ್ಟು ಬರೀ ಓದಿಗೇ ಎರಡು ತಾಸು ಮೀರಿದರೆ ಪೇಟಿ (ಹಾರ್ಮೋನಿಯಂ) ಮಾಸ್ತರನ್ನು ಕೂರಿಸಿಕೊಂಡು ಈಗಲೇ ಕತ್ತರಿಸಿ. ಸಡಿಲಿಕೆ ಸಿಗದಿದ್ದರೆ ಏಳಕ್ಕೇ ಶುರುಮಾಡಿ, ಅದಕ್ಕೆ ತಕ್ಕ ಸಣ್ಣ ನಾಟಕ ಆರಿಸಿ.

ತಾರೀಖು ಆರಿಸುವಾಗಲೂ ನೋಡಿಕೊಳ್ಳಿ. ಗಣೇಶ ಚೌತಿಗೆ ಹಾನಗಲ್ಲ, ಕಲಘಟಗಿಯ ಕಡೆ ಮಳೆ ನಂಬುವಂತಿಲ್ಲ, ತಗಡಿನ ಶೆಡ್ ಬೇಕೇಬೇಕು. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ತಂದೆತಾಯಿ ಮೈಕಿಗೆ ತಕರಾರು ತೆಗೆಯುತ್ತಾರೆ, ಅದು ನ್ಯಾಯವೇ. ಏಪ್ರಿಲ್‌ನಲ್ಲಾದರೆ ಆರ್‌ಸಿಬಿ ಮ್ಯಾಚಿನ ದಿನ ಬಿಟ್ಟು ಇಡಿ. ಸಂಜೆಯ ಮ್ಯಾಚು ಏಳೂವರೆಗೆ ಶುರುವಾದರೆ ಹುಡುಗರು ಹನ್ನೊಂದರವರೆಗೆ ಸಿಗುವುದಿಲ್ಲ. ಟಿವಿ ನಿಜವಾಗಿ ಅಡ್ಡ ಬರುವುದು ಆ ಒಂದು ದಿನ.

ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದಾದರೆ ಕತ್ತರಿಸಿದ ಪ್ರತಿಯನ್ನೇ ಅವರಿಗೆ ಮೊದಲು ಕಳಿಸಿ. ಅವರು ಇದೇ ನಾಟಕವನ್ನು ಬೇರೆ ಊರುಗಳಲ್ಲಿ ಪೂರ್ತಿ ಆಡಿರುತ್ತಾರೆ, ನೀವು ತೆಗೆದ ಮಾತು ಅವರ ಬಾಯಲ್ಲಿ ಬಂದರೆ ನಿಮ್ಮ ನಾಯಕ ಬಾಯಿ ಬಿಟ್ಟು ನಿಲ್ಲುತ್ತಾನೆ. ಬಣ್ಣ ಹಚ್ಚಲು ಚಿಲಕವಿರುವ ಖೋಲಿ, ತಿರುಗಿ ಹೋಗಲು ಗಾಡಿ ಮೊದಲೇ ಗೊತ್ತುಮಾಡಿರಿ. ಬಾಕಿ ರೊಕ್ಕವನ್ನು ಮಧ್ಯಂತರದಲ್ಲೇ ಕೊಟ್ಟುಬಿಡಿ. ನಾಟಕ ಮುಗಿದ ಮೇಲೆ ಖಜಾಂಚಿ ಎಲ್ಲಿರುತ್ತಾನೋ ಯಾರಿಗೂ ಗೊತ್ತಿರುವುದಿಲ್ಲ.