ಕೂಡಿದರೂ ಕುಗ್ಗಿದ ಉತ್ತರ

ಇಂದು 1/2 ಮತ್ತು 1/3 ಕೂಡುವ ಲೆಕ್ಕ ಕೊಟ್ಟು, ಮಕ್ಕಳು ಚೀಟಿಗಳಲ್ಲಿ ಬರೆದ ಉತ್ತರಗಳನ್ನೆಲ್ಲ ಹೆಸರು ಹೇಳದೆ ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆದೆ.

5/6 ಇತ್ತು, 2/6 ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ 2/5 ಇತ್ತು. ಯಾವುದು ಸರಿಯೆಂದು ನಾನು ಹೇಳಲಿಲ್ಲ. ಹಾಗೆ ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಪಾಠ ಮಾಡುವವರಿಗೇ ಗೊತ್ತು.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, 2/5 ಅರ್ಧಕ್ಕಿಂತ ಕಡಿಮೆಯಲ್ಲವೇ, ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಕುಗ್ಗಿದ್ದು ಹೇಗೆ ಎಂದು ಕೇಳಿದಳು. ಅವಳ ಚೀಟಿಯಲ್ಲಿದ್ದದ್ದೂ 2/5 ಎಂಬುದು ನನಗೆ ಮಾತ್ರ ತಿಳಿದಿತ್ತು.

ಆಮೇಲೆ ಛೇದಗಳನ್ನು ಆರಕ್ಕೆ ಸಮ ಮಾಡಿ, 3/6 ಮತ್ತು 2/6 ಎಂದು ಅವರವರೇ ಚರ್ಚಿಸಿ ಬರೆದುಕೊಂಡರು. ಇಂತಹದೇ ಉತ್ತರಗಳ ಮೇಲೆ ವರ್ಷಗಳಿಂದ ನಾನು ಕೆಂಪು ಶಾಯಿಯಲ್ಲಿ ಎಳೆದ ಅಡ್ಡಗೆರೆಗಳು ನೆನಪಾಗಿ ಸ್ವಲ್ಪ ಮುಜುಗರವಾಯಿತು.