ಜಪಾನ್ ಎಕ್ಸ್‌ಚೇಂಜ್: ಮೊದಲ ಎರಡು ವಾರದ ಕಾಗದಪತ್ರ

ಒಂದು ಸೆಮಿಸ್ಟರ್‌ಗೆಂದು ಜಪಾನಿಗೆ ಬರುವ ವಿದ್ಯಾರ್ಥಿಗಳ ಮೊದಲ ಎರಡು ವಾರ ಸುತ್ತಾಟಕ್ಕಿಂತ ಹೆಚ್ಚಾಗಿ ಕಚೇರಿಗಳಲ್ಲೇ ಕಳೆಯುತ್ತದೆ. ವಿಮೆ, ಬ್ಯಾಂಕು, ಫೋನು ಎಲ್ಲವೂ ನಿಂತಿರುವುದು ನೋಂದಾಯಿಸಿದ ವಿಳಾಸದ ಮೇಲೆ.

ನರಿತಾ, ಹನೇದ, ಕನ್ಸಾಯ್ ವಿಮಾನ ನಿಲ್ದಾಣಗಳಲ್ಲಿ ಇಳಿದವರಿಗೆ ರೆಸಿಡೆನ್ಸ್ ಕಾರ್ಡ್ ಇಮಿಗ್ರೇಶನ್ ಕೌಂಟರಿನಲ್ಲೇ ಸಿಗುತ್ತದೆ. ಪಾರ್ಟ್‌ಟೈಮ್ ಕೆಲಸದ ಯೋಚನೆಯಿದ್ದರೆ ಅನುಮತಿಯ ಅರ್ಜಿಯನ್ನೂ ಅಲ್ಲೇ ಕೊಟ್ಟುಬಿಡಿ (ಮಿತಿ ವಾರಕ್ಕೆ 28 ಗಂಟೆ). ಅಲ್ಲಿ ತಪ್ಪಿದರೆ ಆಮೇಲೆ ಇಮಿಗ್ರೇಶನ್ ಕಚೇರಿಗೆ ಅಲೆಯಬೇಕು, ಕಾಯಬೇಕು.

ವಾಸದ ಜಾಗ ಗೊತ್ತಾದ 14 ದಿನದೊಳಗೆ ಆ ಊರಿನ ಅಥವಾ ವಾರ್ಡಿನ ಕಚೇರಿಯಲ್ಲಿ ನೋಂದಣಿ ಆಗಬೇಕು. ಕಾರ್ಡ್, ಪಾಸ್‌ಪೋರ್ಟ್ ಜೊತೆಗೆ ಜಪಾನಿ ಲಿಪಿಯಲ್ಲಿ ಬರೆಸಿದ ವಿಳಾಸವನ್ನೂ ಒಯ್ಯಿರಿ. ಕೊಠಡಿ ಸಂಖ್ಯೆ ಬಿಡಬೇಡಿ. ಅದಿಲ್ಲದಿದ್ದರೆ ಬ್ಯಾಂಕ್ ಕಾರ್ಡಿನ ಅಂಚೆ ವಾಪಸ್ಸಾಗಬಹುದು. ಮೂರು ತಿಂಗಳಿಗಿಂತ ಹೆಚ್ಚು ಇರುವವರಿಗೆ ರಾಷ್ಟ್ರೀಯ ಆರೋಗ್ಯ ವಿಮೆ ಕಡ್ಡಾಯ. ಅದೇ ದಿನ ಅದೇ ಕಟ್ಟಡದಲ್ಲಿ ಮುಗಿಸಿಕೊಳ್ಳಿ. ಆಮೇಲೆ ಆಸ್ಪತ್ರೆ ಬಿಲ್ಲಿನಲ್ಲಿ ನಿಮ್ಮ ಪಾಲು ಸಾಮಾನ್ಯವಾಗಿ ಶೇ. 30 ಮಾತ್ರ. ಆದಾಯ ಇಲ್ಲವೆಂಬ ಘೋಷಣೆಯನ್ನೂ ಕೊಟ್ಟರೆ ಕಂತು ಇಳಿಯುತ್ತದೆ. 20 ತುಂಬಿದವರಿಗೆ ಪಿಂಚಣಿ ಯೋಜನೆಯೂ ಅನ್ವಯ, ವಿನಾಯಿತಿ ಫಾರಂ ಕೇಳಿ ಪಡೆಯಬೇಕು. ತಾವಾಗಿ ಕೊಡುತ್ತಾರೆಂದು ಕಾದು ಕೂರಬೇಡಿ.

ಕನ್ನಡಿಗರಿಗೆ ನಿಜವಾದ ತಲೆನೋವು ಹೆಸರಿನದು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಕೂತಿರುತ್ತದೆ, ಇಲ್ಲವೇ ಆ ಜಾಗ ಖಾಲಿ. ರೆಸಿಡೆನ್ಸ್ ಕಾರ್ಡಿನಲ್ಲಿ ಪಾಸ್‌ಪೋರ್ಟಿನಂತೆಯೇ ಅಚ್ಚಾಗುತ್ತದೆ. ಆದರೆ ಬ್ಯಾಂಕ್ ವರ್ಗಾವಣೆಯಲ್ಲಿ ಹೋಲಿಸುವುದು ಕತಕಾನದಲ್ಲಿ (ವಿದೇಶಿ ಹೆಸರುಗಳಿಗೆ ಬಳಸುವ ಜಪಾನಿ ಲಿಪಿ) ಬರೆದ ಹೆಸರನ್ನು. 'ಮಂಜುನಾಥ್' ಒಂದು ಕಡೆ 'ಮಂಜುನಾತೊ', ಇನ್ನೊಂದು ಕಡೆ 'ಮಂಜುನಾಸು' ಆದರೆ ವಿದ್ಯಾರ್ಥಿವೇತನ ಖಾತೆಗೆ ಬೀಳದೆ ಹಿಂದಿರುಗುತ್ತದೆ. ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಯವರ ಬಳಿ ಕೂತು ಒಂದು ರೂಪ ನಿಗದಿ ಮಾಡಿಕೊಳ್ಳಿ, ಎಲ್ಲ ಫಾರಂಗಳಲ್ಲೂ ಅಕ್ಷರಶಃ ಅದನ್ನೇ ಬರೆಯಿರಿ.

ಬಂದು ಆರು ತಿಂಗಳಾಗದವರಿಗೆ ಬಹಳಷ್ಟು ಬ್ಯಾಂಕುಗಳು ಪೂರ್ಣ ಸೇವೆ ಕೊಡುವುದಿಲ್ಲ. ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ಹೆಚ್ಚಾಗಿ ಹೋಗುವುದು ಅಂಚೆ ಬ್ಯಾಂಕ್ ಯೂಚೋಗೆ. ಭಾರತದ ಸಿಮ್‌ಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ಇಲ್ಲವಾದರೆ ನಮ್ಮ ಬ್ಯಾಂಕಿನ ಒಟಿಪಿ ಬರುವುದೇ ಇಲ್ಲ.

ಹೋಸ್ಟ್ ಕುಟುಂಬದ ಜೊತೆ ಇರುವವರು ಸ್ನಾನದ ಕ್ರಮ ತಿಳಿದಿರಬೇಕು. ತೊಟ್ಟಿಯ ಹೊರಗೆ ಸೋಪು ಹಚ್ಚಿ, ಪೂರ್ತಿ ತೊಳೆದುಕೊಂಡು, ಆಮೇಲೆ ಬಿಸಿನೀರಿನೊಳಗೆ. ಎದ್ದ ಮೇಲೆ ನೀರು ಬಿಡಬಾರದು, ಮನೆಯವರೆಲ್ಲರಿಗೂ ಅದೇ ನೀರು. ಸಸ್ಯಾಹಾರಿಗಳು 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಸಾಲದು: ಮಿಸೊ ಸಾರಿನ ದಾಶಿಗೆ, ಅಂದರೆ ಸಾರಿಗೆ ಆಧಾರವಾದ ರಸಕ್ಕೆ, ಸಾಮಾನ್ಯವಾಗಿ ಒಣಮೀನು ಬಿದ್ದಿರುತ್ತದೆ. ಮೀನಿನ ದಾಶಿಯೂ ಬೇಡವೆಂದು ಮೊದಲ ದಿನವೇ ತಿಳಿಸಿ.

ಊರಿಂದ ಮಿಕ್ಸಿ ಹೊತ್ತು ತರಬೇಡಿ. ಇಲ್ಲಿನ ವಿದ್ಯುತ್ 100 ವೋಲ್ಟ್, ನಮ್ಮ 230 ವೋಲ್ಟಿನ ಮೋಟಾರಿಗೆ ಚಟ್ನಿ ಅರೆಯುವ ಬಲ ಬರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಚಪ್ಪಟೆ ಎರಡು ಕಾಲಿನ ಅಡಾಪ್ಟರ್ ಸಾಕು. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ್ದೇ ಆಗಲಿ. ಸಾರಿನ ಪುಡಿ ಪರವಾಗಿಲ್ಲ, ಹಸಿ ಕರಿಬೇವು ಮಾತ್ರ ಸಸ್ಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.