ಹೆಡ್‌ಲೈಟ್ ಬಲ್ಬು ಬದಲಿಸುವ ಮುನ್ನ ಅದಕ್ಕೆ ತಲುಪುವ ವೋಲ್ಟೇಜ್ ಅಳೆಯಿರಿ

ಮೋಟಾರ್‌ಸೈಕಲ್‌ಗಳ ಎಲೆಕ್ಟ್ರಿಕಲ್ ಕೆಲಸ ಮಾಡುವ ನನ್ನ ಬಳಿಗೆ ಹೆಡ್‌ಲೈಟ್ ಸಾಲದೆಂದು ಬರುವ ಗ್ರಾಹಕರು ಸಾಮಾನ್ಯವಾಗಿ ಪರಿಹಾರವನ್ನೂ ತಾವೇ ನಿಶ್ಚಯಿಸಿಕೊಂಡು ಬಂದಿರುತ್ತಾರೆ. ಹೆಚ್ಚು ವ್ಯಾಟಿನ ಬಲ್ಬು ಹಾಕಿಕೊಡಿ ಎಂದು ಕೆಲವರು, ಎಲ್‌ಇಡಿ ಹಾಕಿಕೊಡಿ ಎಂದು ಉಳಿದವರು ಕೇಳುತ್ತಾರೆ. ಇವೆರಡರಲ್ಲಿ ಯಾವುದನ್ನೂ ಕೈಗೆತ್ತಿಕೊಳ್ಳುವ ಮೊದಲು ನಾನು ಮಲ್ಟಿಮೀಟರ್ ತೆಗೆದುಕೊಂಡು, ಈಗಿರುವ ಬಲ್ಬಿಗೆ ನಿಜವಾಗಿ ಎಷ್ಟು ವೋಲ್ಟ್ ತಲುಪುತ್ತಿದೆ ಎಂಬುದನ್ನು ನೋಡುತ್ತೇನೆ. ಬಹಳಷ್ಟು ಗಾಡಿಗಳಲ್ಲಿ ದೋಷವಿರುವುದು ಬಲ್ಬಿನಲ್ಲಲ್ಲ, ಅಲ್ಲಿಯವರೆಗೆ ಬರುವ ದಾರಿಯಲ್ಲಿ.

ಈ ಅಳತೆಯನ್ನು ಬಲ್ಬು ಉರಿಯುತ್ತಿರುವಾಗಲೇ ಮಾಡಬೇಕು. ಸಾಕೆಟ್ಟನ್ನು ಬಲ್ಬಿನಿಂದ ಕಳಚಿ ಅಳೆದರೆ ತಂತಿಯಲ್ಲಿ ಕರೆಂಟು ಹರಿಯುವುದೇ ಇಲ್ಲವಾದ್ದರಿಂದ, ವೈರಿಂಗ್ ಎಷ್ಟೇ ಹದಗೆಟ್ಟಿದ್ದರೂ ಮೀಟರು ಬ್ಯಾಟರಿಯ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಇತ್ತೀಚೆಗೆ ಬಂದ ಒಂದು ಹಳೆಯ ಗಾಡಿಯಲ್ಲಿ ಎಂಜಿನ್ನಿನ ವೇಗ ಏರಿಸಿ, ಲೈಟ್ ಹಾಕಿ ನೋಡಿದಾಗ ಬ್ಯಾಟರಿಯ ತುದಿಯಲ್ಲಿ 13.8 ವೋಲ್ಟ್ ಇತ್ತು, ಬಲ್ಬಿನ ಪಿನ್ನುಗಳ ನಡುವೆ 12.1 ವೋಲ್ಟ್ ಮಾತ್ರ ಇತ್ತು. ಕೇಳಲು ಇದು ಸಣ್ಣ ವ್ಯತ್ಯಾಸ. ಆದರೆ ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಶೇಕಡಾ 30ರಷ್ಟು ಕುಗ್ಗುತ್ತದೆ. ಈ ಲೆಕ್ಕದಂತೆ ಆ ಗಾಡಿಯ ದೀಪ ತಾನು ಕೊಡಬಹುದಾಗಿದ್ದ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತ್ತು. ಹೈ ಬೀಮಿಗೂ ಲೋ ಬೀಮಿಗೂ ಬೇರೆಬೇರೆ ತಂತುಗಳಿರುವ 60/55 ವ್ಯಾಟಿನ ಎಚ್‌4 ಬಲ್ಬು 13.2 ವೋಲ್ಟಿನಲ್ಲಿ ಹೈ ಬೀಮಿಗೆ ಸುಮಾರು 1650 ಲ್ಯೂಮೆನ್ (ಬೆಳಕಿನ ಪ್ರಮಾಣದ ಮಾನ), ಲೋ ಬೀಮಿಗೆ ಸುಮಾರು 1000 ಲ್ಯೂಮೆನ್ ಕೊಡಬೇಕು. ಸರಿಯಾದ ವೋಲ್ಟೇಜ್ ಸಿಕ್ಕರೆ ಅದು ದುರ್ಬಲ ದೀಪವೇನೂ ಅಲ್ಲ.

ಕಳೆದುಹೋದ 1.7 ವೋಲ್ಟ್ ಎಲ್ಲಿ ಹೋಯಿತು ಎಂಬುದನ್ನು ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯಲ್ಲಿ, ಇನ್ನೊಂದನ್ನು ಬಲ್ಬಿನಲ್ಲಿ ಇಟ್ಟು ಪಾಸಿಟಿವ್ ಕಡೆಯನ್ನೂ ನೆಗೆಟಿವ್ ಕಡೆಯನ್ನೂ ಬೇರೆಬೇರೆಯಾಗಿ ಅಳೆದರೆ ತಿಳಿಯುತ್ತದೆ. ಅಲ್ಲಿ ಪಾಸಿಟಿವ್ ಕಡೆ 1.3 ವೋಲ್ಟ್, ನೆಗೆಟಿವ್ ಅಂದರೆ ಅರ್ಥ್ ಕಡೆ 0.4 ವೋಲ್ಟ್ ಸೋರಿಹೋಗುತ್ತಿತ್ತು. ಹೆಡ್‌ಲೈಟಿನ ಕರೆಂಟು ಇಗ್ನಿಷನ್ ಕೀ ಸ್ವಿಚ್ಚು, ಹ್ಯಾಂಡಲ್ಲಿನ ಲೈಟ್ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು ಮತ್ತು ದಾರಿಯಲ್ಲಿ ತಂತಿಗಳನ್ನು ಜೋಡಿಸುವ ಕಪ್ಲರುಗಳ ಮೂಲಕ ಸಣ್ಣ ತಂತಿಗಳಲ್ಲಿ ಸುತ್ತಿ ಬರುತ್ತದೆ. ವರ್ಷಗಳ ತೇವ, ಧೂಳು ಮತ್ತು ಬಿಸಿಯಿಂದ ಮಸಿಗಟ್ಟಿದ ಪ್ರತಿಯೊಂದು ಕಾಂಟ್ಯಾಕ್ಟೂ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಅರ್ಥ್ ತಂತಿಯನ್ನು ಫ್ರೇಮಿಗೆ ಬಿಗಿದಿರುವ ಸ್ಕ್ರೂ ತುಕ್ಕು ಹಿಡಿದಿರುವುದನ್ನು ಯಾರೂ ಗಮನಿಸುವುದೇ ಇಲ್ಲ.

ಇಂಥ ವೈರಿಂಗಿಗೆ 100 ವ್ಯಾಟಿನ ಬಲ್ಬು ಹಾಕುವುದನ್ನು ನಾನು ಒಪ್ಪುವುದಿಲ್ಲ. 60 ವ್ಯಾಟಿಗೆ ಸುಮಾರು 5 ಆಂಪಿಯರ್ ಹರಿಯುವಲ್ಲಿ 100 ವ್ಯಾಟಿಗೆ 8 ಆಂಪಿಯರಿಗೂ ಮೇಲೆ ಹರಿಯುತ್ತದೆ. ಕರೆಂಟು ಹೆಚ್ಚಿದಷ್ಟೂ ಅದೇ ದಾರಿಯಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ, ಮತ್ತು ಕಾಂಟ್ಯಾಕ್ಟುಗಳಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ, ಅಂದರೆ ಎರಡು ಪಟ್ಟಿಗೂ ಮಿಗಿಲಾಗಿ ಏರುತ್ತದೆ. ಕರಗಿದ ಹೋಲ್ಡರುಗಳನ್ನೂ ಸುಟ್ಟ ಸ್ವಿಚ್ಚುಗಳನ್ನೂ ಬಿಚ್ಚಿ ತೆಗೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಗಾಡಿಗೆ ನಾನು ಮಾಡಿದ್ದು ರಿಲೇ ವೈರಿಂಗ್. ರಿಲೇ ಎಂದರೆ ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟಿನ ದಾರಿಯನ್ನು ತೆರೆದು ಮುಚ್ಚುವ ಸ್ವಿಚ್ಚು. ಬ್ಯಾಟರಿಯ ಪಾಸಿಟಿವಿನಿಂದ ದಪ್ಪ ತಂತಿಯೊಂದನ್ನು, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲೇ 15 ಆಂಪಿಯರಿನ ಫ್ಯೂಸ್ ಹಾಕಿ, ಎರಡು ರಿಲೇಗಳ 30ನೇ ಪಿನ್ನಿಗೆ ತಂದೆ. ಒಂದು ರಿಲೇಯ 87ನೇ ಪಿನ್ನು ಹೈ ಬೀಮಿಗೆ, ಇನ್ನೊಂದರದು ಲೋ ಬೀಮಿಗೆ ಹೋಯಿತು. ಹಳೆಯ ಹೆಡ್‌ಲೈಟ್ ತಂತಿಗಳು ಈಗ 85 ಮತ್ತು 86ನೇ ಪಿನ್ನುಗಳ ನಡುವಿನ ಸುರುಳಿಯನ್ನಷ್ಟೇ ಎಳೆಯುತ್ತವೆ. ಅದಕ್ಕೆ ಬೇಕಾದ ಕರೆಂಟು ತೀರಾ ಅಲ್ಪವಾದ್ದರಿಂದ ಹಳೆಯ ಸ್ವಿಚ್ಚುಗಳ ಮೇಲಿನ ಭಾರವೂ ಇಳಿಯಿತು. ಬಲ್ಬಿನ ಅರ್ಥನ್ನು ಫ್ರೇಮಿನ ಮೇಲೆ ಬಿಡದೆ ಅಷ್ಟೇ ದಪ್ಪದ ತಂತಿಯಲ್ಲಿ ನೇರವಾಗಿ ಬ್ಯಾಟರಿಯ ನೆಗೆಟಿವಿಗೆ ಒಯ್ದೆ. ಕೆಲಸ ಮುಗಿದ ಮೇಲೆ ಅದೇ ಬಲ್ಬಿನಲ್ಲಿ 13.5 ವೋಲ್ಟ್ ಸಿಕ್ಕಿತು. ಬಲ್ಬು ಹೊಸದಲ್ಲ, ಬೆಳಕು ಮಾತ್ರ ಹೊಸದು ಎಂಬಂತಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವೋಲ್ಟೇಜ್ ಶೇಕಡಾ 5ರಷ್ಟು ಏರಿದರೂ ಬಲ್ಬಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ರೆಗ್ಯುಲೇಟರ್ ಕೆಟ್ಟು ಚಾರ್ಜಿಂಗ್ ವೋಲ್ಟೇಜ್ 15ರತ್ತ ಹೋಗುತ್ತಿರುವ ಗಾಡಿಯಲ್ಲಿ ಮೊದಲು ಅದನ್ನು ಸರಿಪಡಿಸಬೇಕು. ಅಲ್ಲದೆ, ಅನೇಕ ಸಣ್ಣ ಗಾಡಿಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯದೆ ಎಂಜಿನ್ನಿನೊಂದಿಗೆ ತಿರುಗಿ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೋದ ಲೈಟಿಂಗ್ ಕಾಯಿಲ್‌ನಿಂದ ನೇರವಾಗಿ ಎಸಿಯಲ್ಲಿ ಉರಿಯುತ್ತದೆ. ಎಂಜಿನ್ ನಿಧಾನವಾದಾಗ ದೀಪ ಮಂಕಾಗಿ, ಆಕ್ಸಿಲರೇಟರ್ ತಿರುವಿದಾಗ ಬೆಳಗುವುದು ಇದರ ಗುರುತು. ಅಂಥ ಗಾಡಿಯ ದೀಪವನ್ನು ಚಾರ್ಜಿಂಗ್ ಶಕ್ತಿ ಎಷ್ಟಿದೆಯೆಂದು ನೋಡದೆ ರಿಲೇ ಮೂಲಕ ಬ್ಯಾಟರಿಗೆ ಕಟ್ಟಿದರೆ ಬ್ಯಾಟರಿ ಬರಿದಾಗುತ್ತದೆ.

ಎಲ್‌ಇಡಿಯ ವಿಷಯಕ್ಕೆ ಬಂದರೆ, ಅದರ ಬೆಳಕು ಕಡಿಮೆಯೆಂಬುದು ನನ್ನ ಆಕ್ಷೇಪವಲ್ಲ. ಎಚ್‌4 ಬಲ್ಬಿನಲ್ಲಿ ಲೋ ಬೀಮ್ ತಂತುವಿನ ಕೆಳಗೆ ಪುಟ್ಟ ಲೋಹದ ಬಟ್ಟಲೊಂದಿದ್ದು, ಅದು ಬೆಳಕನ್ನು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿಡುತ್ತದೆ. ಎದುರಿನವರ ಕಣ್ಣಿಗೆ ಬೆಳಕು ಬೀಳದಂತೆ ತಡೆಯುವುದು ಆ ಏರ್ಪಾಡು. ರಿಫ್ಲೆಕ್ಟರಿನ ವಕ್ರತೆಯನ್ನು ರೂಪಿಸಿರುವುದೇ ಆ ತೆಳು ತಂತುವಿನ ಸ್ಥಾನಕ್ಕೆ. ಎಲ್‌ಇಡಿ ಚಿಪ್ಪುಗಳು ಆ ಜಾಗದಿಂದ ಒಂದೆರಡು ಮಿಲಿಮೀಟರ್ ಸರಿದಿದ್ದರೂ ಬೆಳಕಿನ ಮೇಲಂಚು ಒಡೆದುಹೋಗಿ, ಗಾಡಿಯ ಮುಂದಿನ ನೆಲವೆಲ್ಲ ಬೆಳ್ಳಗೆ ಹೊಳೆಯುತ್ತದೆ. ಹತ್ತಿರದ ಆ ಹೊಳಪಿಗೆ ಸವಾರನ ಕಣ್ಣಿನ ಪಾಪೆ ಕುಗ್ಗಿ, ದೂರದ ಹಳ್ಳ ಇನ್ನೂ ಕಾಣದಾಗುತ್ತದೆ. ಎಲ್‌ಇಡಿ ಬೇಕೇ ಬೇಕೆನ್ನುವವರಿಗೆ, ಅದಕ್ಕೆಂದೇ ವಿನ್ಯಾಸಗೊಳಿಸಿ ಅನುಮೋದನೆ ಪಡೆದ ಇಡೀ ಹೆಡ್‌ಲೈಟ್ ಜೋಡಣೆಯನ್ನೇ ಬದಲಿಸಿಕೊಳ್ಳುವಂತೆ ನಾನು ಹೇಳುತ್ತೇನೆ.

ರಿಫ್ಲೆಕ್ಟರಿನ ಹೊಳಪು ಹೋಗಿದ್ದರೆ ಅದನ್ನು ಉಜ್ಜಬಾರದು. ಅಲ್ಯೂಮಿನಿಯಮ್ಮಿನ ಆ ಲೇಪ ಬಟ್ಟೆಗೂ ಎದ್ದುಬರುವಷ್ಟು ತೆಳು. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು.

ಕೊನೆಯ ಕೆಲಸ ಬೀಮ್ ಹೊಂದಿಸುವುದು. ಬೆಳಕು ಹೆಚ್ಚಿದ ಮೇಲೆ ಇದನ್ನು ಬಿಟ್ಟರೆ ಎದುರಿನಿಂದ ಬರುವವರಿಗೆ ಅನ್ಯಾಯವಾಗುತ್ತದೆ. ಟೈರುಗಳಲ್ಲಿ ಸರಿಯಾದ ಗಾಳಿ ತುಂಬಿ, ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಗೋಡೆಯಿಂದ 10 ಮೀಟರ್ ದೂರದಲ್ಲಿ ನಿಲ್ಲಿಸಿ, ಅದನ್ನು ಓಡಿಸುವವರನ್ನೇ ಸೀಟಿನ ಮೇಲೆ ಕೂರಿಸಬೇಕು. ಅವರ ಭಾರಕ್ಕೆ ಹಿಂಭಾಗ ತಗ್ಗಿ ದೀಪ ಮೇಲೆ ನೋಡುತ್ತದೆ. ಲೋ ಬೀಮಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸಿ ಸ್ಕ್ರೂ ಬಿಗಿದ ಬಳಿಕ, ಹಿಂಬದಿ ಸವಾರರೊಬ್ಬರನ್ನೂ ಕೂರಿಸಿ ಇನ್ನೊಮ್ಮೆ ನೋಡುತ್ತೇನೆ. ಇಬ್ಬರು ಸೇರಿ ಓಡಾಡುವುದೇ ಹೆಚ್ಚಾಗಿದ್ದರೆ ಆ ಭಾರಕ್ಕೇ ಹೊಂದಿಸಿ ಕೊಡುತ್ತೇನೆ.